ಕಲ್ಲು ಅಂತ ಬರೆದದ್ದು

"ಕಲ್ಲು ಅನ್ನೇ, ಮುಂಡೆ! ಇನ್ನೊಂದ್ಸಲ ಬಾಂಬು ಅಂದ್ರೆ ನಾಲಿಗೆ ಕಿತ್ತು ಹೊಳೆಗೆ ಎಸೀತೀನಿ!"

ಇಷ್ಟು ಹೇಳಿ ಮೇಸ್ತ್ರಿ ಇಪ್ಪತ್ತು ಹೆಜ್ಜೆ ಹಿಂದೆ ಸರಿದ. ಕಲ್ಲಿಗೆ ಯಾರಾದರೂ ಇಷ್ಟು ಹೆದರುತ್ತಾರೆಯೇ? ಕೂಲಿ ಹೆಂಗಸರೆಲ್ಲ ದೊಡ್ಡಕ್ಕ ಎಂದು ಕರೆಯುವ ಅವಳು ಮತ್ತೆ ಗುಂಡಿಯೊಳಗೆ ಬಗ್ಗಿ ನೋಡಿದಳು. ತುಕ್ಕು ಹಿಡಿದ ಕಬ್ಬಿಣ, ಸೋರೆಕಾಯಿಯಷ್ಟು ದಪ್ಪ, ಅರ್ಧ ಮಣ್ಣಿನಲ್ಲಿ ಹೂತಿತ್ತು.

ಒಂದು ಕಾಲಕ್ಕೆ ಈ ಬೆಟ್ಟ ಸೈನ್ಯದ್ದು. ಹೊಳೆಯ ಆಚೆ ದಡದಿಂದ ಫಿರಂಗಿ ಹಾರಿಸಿ ಗುರಿ ಕಲಿತರು. ಸಿಡಿದದ್ದು ಸಿಡಿಯಿತು, ಉಳಿದದ್ದು ಮಣ್ಣು ಸೇರಿತು. ಈಗ ಇದು ಪಾರ್ಕು. ನೀರಿನಲ್ಲಿ ದೋಣಿ, ಬೆಟ್ಟದಿಂದ ಬೆಟ್ಟಕ್ಕೆ ಹಗ್ಗದ ಜಾರಾಟ, ದಡದ ತುಂಬ ಟೆಂಟು. ಟೆಂಟಿನ ಕಂಬಕ್ಕೆ ಗುಂಡಿ ತೋಡುವುದು ಇವರ ಕೆಲಸ.

ಹೋದ ತಿಂಗಳು ದೊಡ್ಡಕ್ಕನ ಗಂಡನ ಹಾರೆಗೂ ಇಂಥದ್ದೇ ಕಲ್ಲು ಸಿಕ್ಕಿತ್ತು. ಬಲಗೈ ಮೊಣಕೈವರೆಗೆ ಹೋಯಿತು. ಆಫೀಸಿನವರು 'ಕಲ್ಲು ಉರುಳಿ ಪೆಟ್ಟು' ಎಂದು ಬರೆದು, ಅವನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಬಾಂಬು ಎಂದು ಬರೆದರೆ ಪಾರ್ಕು ಮುಚ್ಚಬೇಕಲ್ಲ! ಈಗ ಅವನು ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಅನ್ನ ಕಲಸಿ ಬಾಯಿಗಿಟ್ಟರೆ ಅಳುತ್ತಾನೆ.

"ಸೊಸೆ ಕೈಗೆ ಹಾರೆ ಕೊಡು!" ಮೇಸ್ತ್ರಿ ದೂರದಿಂದಲೇ ಕೂಗಿದ. "ಏಯ್, ಎದ್ದು ಬಾರೇ, ಕಿತ್ತಾಕು ಅದನ್ನ!"

ಸೊಸೆಗೆ ಏಳು ತಿಂಗಳು. ಸೊಂಟ ಹಿಡಿದುಕೊಂಡು ಎದ್ದಳು. "ಹೋಗ್ಲಾ ಅತ್ತೆ? ಇಲ್ಲಾಂದ್ರೆ ನಾಳೆಯಿಂದ ಇಬ್ಬರಿಗೂ ಕೆಲಸ ಇಲ್ಲ ಅಂತಾನೆ."

"ಕೂತ್ಕೊಳ್ಳೇ ನನ್ನವ್ವ."

ಬಡವನ ಕೋಪ ದವಡೆಗೆ ಮೂಲ ಎಂದು ಗಂಡ ಯಾವಾಗಲೂ ಹೇಳುತ್ತಿದ್ದ. ಕೈಯನ್ನೇ ತಿಂದವರು ದವಡೆ ಬಿಟ್ಟಾರೆಯೇ? ದೊಡ್ಡಕ್ಕ ಗುಂಡಿಗಿಳಿದಳು. ಹಾರೆ ಮುಟ್ಟಲಿಲ್ಲ. ಬೆರಳಿನಿಂದಲೇ ಮಣ್ಣು ಕೆರೆದಳು, ಉಗುರು ಕಿತ್ತು ರಕ್ತ ಬಂತು. ಆ ಕಬ್ಬಿಣವನ್ನು ಎರಡೂ ಕೈಯಲ್ಲಿ ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. ಕಲ್ಲು ಎಂದಿದ್ದ ಮೇಸ್ತ್ರಿ ಕಾಲಿಗೆ ಬುದ್ಧಿ ಹೇಳಿದ.

ಆಫೀಸಿಗೆ ಇನ್ನೂರು ಹೆಜ್ಜೆ. ಒಂದೊಂದು ಹೆಜ್ಜೆಗೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಎಡವಿದರೆ ಮುಗಿಯಿತು. ಎದುರಿಗೆ ಬಂದವರು ಚೀರಿಕೊಂಡು ದಾರಿ ಬಿಟ್ಟರು.

"ಎಲ್ಲಿಗೆ ನುಗ್ತಿದೀಯ? ಮಣ್ಣು ಕಾಲಲ್ಲಿ..." ಮ್ಯಾನೇಜರ್ ತಲೆ ಎತ್ತಿದ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

ದೊಡ್ಡಕ್ಕ ಅದನ್ನು ಅವನ ಕಾಗದಗಳ ಮೇಲೆ ಮೆಲ್ಲಗೆ ಇಳಿಸಿದಳು. ಹಿಂದೆ ತಿರುಗಿ ಬಾಗಿಲಿನ ಚಿಲಕ ಹಾಕಿದಳು. ಎದುರಿನ ಕುರ್ಚಿ ಎಳೆದು ಕೂತಳು.

"ಓಡಬೇಡಿ ಸಾಹೇಬ್ರೆ, ಕೂತ್ಕೊಳ್ಳಿ. ಇದು ಏನು ಅಂತ ಬರೀರಿ. ನನ್ನ ಗಂಡನ ಕೈ ಏನಾಯ್ತು ಅಂತ ಬರೀರಿ. ಇನ್ಮೇಲೆ ಇಲ್ಲಿ ಯಾರೂ ಗುಂಡಿ ತೋಡಬಾರ್ದು ಅಂತ್ಲೂ ಬರೀರಿ."

ಮ್ಯಾನೇಜರ್ ಪೆನ್ನು ಹಿಡಿದ. ಅಕ್ಷರ ಮೂಡಲಿಲ್ಲ.

"ನಿಧಾನಕ್ಕೆ ಬರೀರಿ," ಎಂದಳು ದೊಡ್ಡಕ್ಕ. "ಟೇಬಲ್ ಅಲ್ಲಾಡ್ತಿದೆ."