ಒಂದು ಸುತ್ತು ಜಾಯಿಕಾಯಿ

ನನ್ನ ಮಗಳು ಸಿಂಧು ನಾಲ್ಕು ತಿಂಗಳ ಕೂಸಾಗಿದ್ದಾಗ ಒಂದು ರಾತ್ರಿಗೆ ಏಳು ಸಲ ಏಳುತ್ತಿದ್ದಳು. ಎಣಿಸಿದವಳು ನಾನೇ, ಬೇರೆ ಕೆಲಸವೇನಿತ್ತು? ತೊಟ್ಟಿಲಲ್ಲಿ ಮಲಗಿಸಿ ನನ್ನ ಬೆನ್ನು ಚಾಪೆಗೆ ತಾಗುವಷ್ಟರಲ್ಲಿ ರಾಗ ತೆಗೆಯುತ್ತಿದ್ದಳು. ಎದೆಗೆ ಹಾಕಿಕೊಂಡರೆ ನಾಲ್ಕು ಗುಟುಕು ಕುಡಿದು ಕಣ್ಣು ಮುಚ್ಚುವಳು, ಇಳಿಸಿದರೆ ಮತ್ತೆ ಶುರು. ಕೂಸುಗಳೇ ಹಾಗೆ ಅಂತ ಈಗ ಗೊತ್ತು. ಆಗ ನನಗೆ ಇಪ್ಪತ್ತು ವರ್ಷ. ಇವಳು ನನ್ನ ಪ್ರಾಣ ತೆಗೆಯುವುದಕ್ಕೇ ಹುಟ್ಟಿದ್ದಾಳೆ ಅನ್ನಿಸುತ್ತಿತ್ತು.

ಯಳಂದೂರಿನ ತವರಿನಲ್ಲಿ ಬಾಣಂತನ ಮುಗಿಸಿ ಬಂಡಳ್ಳಿಯ ಗಂಡನ ಮನೆಗೆ ಬಂದು ತಿಂಗಳಾಗಿತ್ತು. ಬರುವಾಗ ಅವ್ವ ಒಂದು ಡಬ್ಬಿ ಕೊಟ್ಟಿದ್ದಳು. ಅದರಲ್ಲಿ ಬಜೆ, ಅಳಲೆಕಾಯಿ, ಒಂದು ಜಾಯಿಕಾಯಿ. ನಮ್ಮ ಕಡೆ ಕೂಸುಗಳ ಮದ್ದಿಗೆ ಅಳತೆ ಅಂದರೆ ಸುತ್ತು. ತೇಯುವ ಕಲ್ಲಿನ ಮೇಲೆ ನಾಲ್ಕು ತೊಟ್ಟು ಎದೆಹಾಲು ಬಿಟ್ಟು, ಕಾಯಿಯನ್ನು ಒಂದು ಸುತ್ತು ತೇಯ್ದು ನೆಕ್ಕಿಸುವುದು. ಜಾಯಿಕಾಯಿ ನಿದ್ದೆಗೆ. "ಒಂದೇ ಸುತ್ತು ಕಣವ್ವ, ಅದೂ ಅಪರೂಪಕ್ಕೆ. ಅದ್ಕಿಂತ ಮ್ಯಾಲೆ ಇಸ ಅಂತ ತಿಳ್ಕೊ" ಅಂದಿದ್ದಳು ಅವ್ವ.

ಅತ್ತೆ ರಾಚಮ್ಮ ನನ್ನ ಪಕ್ಕದಲ್ಲೇ ಮಲಗುತ್ತಿದ್ದರು. ಕೂಸು ಎದ್ದಾಗಲೆಲ್ಲ ಕತ್ತಲಲ್ಲಿ ಅವರ ಮಾತು ಬರುತ್ತಿತ್ತು. "ನಮ್ ಕಾಲ್ದಲ್ಲಿ ಮಕ್ಳು ಇಂಗೆ ಏಳ್ತಿದ್ವಾ? ನಿನ್ ಆಲು ಬರೀ ನೀರಾಗದೆ, ಅದ್ಕೇ ಒಟ್ಟೆ ತುಂಬಾಕಿಲ್ಲ." ಎದೆಯಿಂದ ಸೋರುವ ಹಾಲಿಗೆ ಎರಡು ರವಿಕೆ ನೆನೆದಿರುತ್ತಿದ್ದವು, ಅವನ್ನು ಒಗೆಯುವವಳೂ ನಾನೇ. ಮೈಯೆಲ್ಲ ಉರಿದುಹೋಗುತ್ತಿತ್ತು. ಅತ್ತೆಗೆ ಎದುರು ಮಾತಾಡಬಾರದೆಂದು ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ನನ್ನ ಗಂಡ ಚಿಕ್ಕಮಾದಪ್ಪ ಮಾತ್ರ ಜಗಲಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಆ ಪುಣ್ಯಾತ್ಮನ ನಿದ್ದೆಗೆ ಯಾವ ಕಾಯಿಯೂ ಬೇಕಿರಲಿಲ್ಲ.

ಒಂದು ದಿನ ಒಲೆ ಮುಂದೆ ಕೂತು ಹಾಲು ಕೊಡುತ್ತಿದ್ದಾಗ ಹಾಗೇ ತೂಕಡಿಸಿಬಿಟ್ಟೆ. ಎಚ್ಚರವಾದಾಗ ಕೂಸು ತೊಡೆಯಿಂದ ಜಾರಿ, ಅದರ ತಲೆ ಒಲೆಯಿಂದ ಗೇಣು ದೂರದಲ್ಲಿತ್ತು. ಬಾಚಿ ಎತ್ತಿಕೊಂಡೆ. ಇವತ್ತು ನಾನು ನಿದ್ದೆ ಮಾಡದಿದ್ದರೆ ನಾಳೆ ಕೂಸನ್ನು ಬೆಂಕಿಗೇ ಹಾಕುತ್ತೇನೆ ಅಂದುಕೊಂಡೆ. ಸಂಜೆ ಅತ್ತೆ ಕೊಟ್ಟಿಗೆಗೆ ಹೋದಾಗ ಡಬ್ಬಿ ತೆಗೆದೆ. ಒಂದು ಸುತ್ತು ತೇಯ್ದೆ. ಎರಡು. ಕೈ ನಿಲ್ಲಲಿಲ್ಲ. ಮೂರನೆಯದನ್ನೂ ತೇಯ್ದು, ಬೆರಳಲ್ಲಿ ಬಳಿದು ನೆಕ್ಕಿಸಿ, ಕಲ್ಲು ತೊಳೆದಿಟ್ಟೆ.

ಆ ರಾತ್ರಿ ಸತ್ತವಳಂತೆ ಮಲಗಿದೆ.

ನನ್ನನ್ನು ಎಬ್ಬಿಸಿದ್ದು ನೋವು. ಎದೆ ಕಲ್ಲಾಗಿತ್ತು, ಸೀರೆಯೆಲ್ಲ ಒದ್ದೆ. ಬುಡ್ಡಿ ಹಚ್ಚಿ ಗಡಿಯಾರ ನೋಡಿದರೆ ಎರಡೂವರೆ. ಒಂಬತ್ತಕ್ಕೆ ಮಲಗಿದ ಕೂಸು ಒಂದು ಸಲವೂ ಎದ್ದಿಲ್ಲ. ಸುಳ್ಳೇಕೆ ಹೇಳಲಿ, ಮೊದಲು ಖುಷಿಯಾಯಿತು. ಎತ್ತಿಕೊಂಡಾಗ ಕೈಕಾಲು ಬಾಡಿದ ಸೊಪ್ಪಿನ ಹಾಗೆ ಜೋತುಬಿದ್ದವು. ಉಸಿರಿತ್ತು, ಆದರೆ ತೀರ ನಿಧಾನ. ಎದೆಗೆ ಹಿಡಿದೆ. ಹಾಲು ತಾನಾಗಿಯೇ ತುಟಿಯ ಮೇಲೆ ತೊಟ್ಟಿಕ್ಕಿ ಕೆನ್ನೆಗೆ ಇಳಿಯಿತು. ತುಟಿ ಅಲುಗಲಿಲ್ಲ.

"ಅತ್ತೆಮ್ಮಾ!" ಅಂತ ಕಿರುಚಿದೆ.

ಚಿಕ್ಕಮಾದಪ್ಪ ಓಡಿಹೋಗಿ ಹಿಂದಿನ ಬೀದಿಯ ನರ್ಸಮ್ಮ ಶಿವರತ್ನಮ್ಮನನ್ನು ಕರೆತಂದ. ಅವರು ಕೂಸಿನ ಕಣ್ಣುರೆಪ್ಪೆ ಎತ್ತಿ ಟಾರ್ಚು ಬಿಟ್ಟರು, ಅಂಗಾಲು ಚಿವುಟಿದರು. ಕೂಸು ಸ್ವಲ್ಪ ಕಾಲೆಳೆದುಕೊಂಡಿತು, ಅಷ್ಟೆ.

"ಏನು ಕೊಟ್ರಿ ಇದಕ್ಕೆ? ನಿಜ ಹೇಳಿ."

ನಾನು ಕೂಸಿನ ಕೆನ್ನೆ ಮೇಲಿನ ಹಾಲು ಒರೆಸತೊಡಗಿದೆ. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಕುಸಿದು ಕೂತರು. "ನಾನೇ ಕಣವ್ವ ಪಾಪಿ. ಇವ್ಳು ಉಣ್ಣಾಕೆ ಕುಂತಿದ್ದಾಗ ಎಲ್ಡು ಸುತ್ತು ಜಾಯ್ಕಾಯಿ ನೆಕ್ಕುಸ್ಬುಟ್ಟೆ. ಈ ಎಣ್ಣು ಬೆಳಗ್ಗೆ ಒಲೆ ಮುಂದೆ ತೂಕುಡುಸ್ತಿದ್ದುದ್ದ ನೋಡ್ದೆ. ಒಂದಿನನಾರ ಮಲಗ್ಲಿ ಅಂತ."

"ನಿಂಗೇನ್ ತಲೆ ಕೆಟ್ಟಿತ್ತವ್ವಾ?" ಚಿಕ್ಕಮಾದಪ್ಪ ಅವರ ಮೇಲೆ ಏರಿಹೋದ. ಅವರು ತಲೆ ತಗ್ಗಿಸಿ ಕೂತಿದ್ದರು. ಬಾಯಿ ಮಾಡದ ಅತ್ತೆಯನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಸುಮ್ಮನಿದ್ದೆ. ತಪ್ಪೆಲ್ಲ ಅವರ ಪಾಲಿಗೆ ಹೋಗಿತ್ತು, ಇನ್ನು ನನ್ನನ್ನು ಯಾರೂ ಕೇಳುವಂತಿರಲಿಲ್ಲ. ಒಂದು ತಿಂಗಳ ಮಾತುಗಳಿಗೆ ಇದು ಸರಿಹೋಯಿತು ಅಂತಲೂ ಅನ್ನಿಸಿತು. ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ನಿಜ.

ನರ್ಸಮ್ಮ ಮಾತ್ರ ತಲೆ ಅಲ್ಲಾಡಿಸಿದರು. "ಎರಡು ಸುತ್ತಿಗೆ ಇಷ್ಟು ಆಗೋ ಹಾಗೆ ಕಾಣಲ್ಲ. ಇದು ಮಿದುಳು ಜ್ವರ ಗಿರ ಇರಬಹುದಾ..." ಅನ್ನುತ್ತ ಕೂಸಿನ ಕತ್ತು ಬಗ್ಗಿಸಿ ನೋಡತೊಡಗಿದರು.

"ನಾನೂ ಕೊಟ್ಟೆ" ಅಂದೆ. "ಸಂಜೆ. ಮೂರು ಸುತ್ತು."

ಚಿಕ್ಕಮಾದಪ್ಪ ನನ್ನ ಕಡೆ ತಿರುಗಿ ಕೈ ಎತ್ತಿದ. ಕೂತಿದ್ದ ಅತ್ತೆ ಎದ್ದು ನಡುವೆ ನಿಂತರು. "ಇಳಸ್ಲಾ ಕೈಯ್ಯ. ಈ ಕೂಸು ಮನೆಗೆ ಬಂದು ತಿಂಗ್ಳಾಯ್ತು, ಒಂದು ರಾತ್ರಿ ಎದ್ದಿದ್ದೀಯೇನ್ಲಾ ನೀನು? ಓಗು, ಗಾಡಿ ನೋಡೋಗು."

ಅದು ಕಾಡುಗಳ್ಳರ ಭಯದ ಕಾಲ. ಕತ್ತಲಾದ ಮೇಲೆ ನಮ್ಮ ಕಡೆ ಯಾರೂ ಗಾಡಿ ತೆಗೆಯುತ್ತಿರಲಿಲ್ಲ. ಅವನು ಮೂರು ಮನೆ ಬಾಗಿಲು ಬಡಿದು ಬರಿಗೈಯಲ್ಲಿ ಬಂದ. ಕೊಳ್ಳೇಗಾಲಕ್ಕೆ ಮೊದಲ ಬಸ್ಸು ಆರಕ್ಕೆ. "ಬಾಯಿಗೆ ಏನೂ ಹುಯ್ಯಬೇಡಿ, ನೆತ್ತಿಗೇರುತ್ತೆ. ತಲೆ ಎತ್ತರಕ್ಕಿರಲಿ, ಮೈ ಬೆಚ್ಚಗಿರಲಿ, ಉಸಿರು ನೋಡ್ತಾ ಇರಿ" ಅಂದ ನರ್ಸಮ್ಮ ಅಲ್ಲೇ ಕೂತರು. ಅತ್ತೆ ಅಂಗಾಲು ತಿಕ್ಕಿದರು. ನಾನು ಕೂಸನ್ನು ಎದೆಗೆ ಒರಗಿಸಿಕೊಂಡು ಒಂದೊಂದು ಉಸಿರಿಗೂ ಕಾದೆ. ಒಂದು ಸಲ ಅತ್ತುಬಿಡು ಸಾಕು, ನಿನ್ನನ್ನು ಇನ್ನು ಯಾವತ್ತೂ ಬೈಯುವುದಿಲ್ಲ, ರಾತ್ರಿಯೆಲ್ಲ ಏಳು, ನೂರು ಸಲ ಏಳು ಅಂತ ಬೆಟ್ಟದ ದೇವರು ಮಾದಪ್ಪನಿಗೂ ಕೂಸಿಗೂ ಒಟ್ಟಿಗೇ ಹೇಳಿಕೊಂಡೆ.

ಐದು ಗಂಟೆಯ ಹೊತ್ತಿಗೆ ಕೂಸಿನ ಹುಬ್ಬು ಗಂಟಿಕ್ಕಿತು. ತುಟಿ ಹುಡುಕಿತು. ಆಮೇಲೆ ಬಾಯಿ ತೆರೆದು, ಬೆಕ್ಕಿನ ಮರಿಯಷ್ಟು ಸಣ್ಣಗೆ ಅತ್ತಿತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನರ್ಸಮ್ಮ ಹೂಂ ಅಂದ ಮೇಲೆ ಎದೆಗೆ ಹಿಡಿದೆ, ಕಚ್ಚಿಕೊಂಡಳು.

ಆದರೂ ಆರರ ಬಸ್ಸಿಗೆ ಕೊಳ್ಳೇಗಾಲಕ್ಕೆ ಓಡಿದೆವು. ಅಲ್ಲಿನ ಡಾಕ್ಟರು ಸಂಜೆಯವರೆಗೆ ಇರಿಸಿಕೊಂಡು, ಅತ್ತೆ ಸೊಸೆ ಇಬ್ಬರಿಗೂ ಮುಖಕ್ಕೆ ಮಂಗಳಾರತಿ ಮಾಡಿ ಕಳಿಸಿದರು. ಮನೆಗೆ ಬಂದವರೇ ಅತ್ತೆ ಡಬ್ಬಿಯಿಂದ ಜಾಯಿಕಾಯಿ ತೆಗೆದು ಒಲೆಗೆ ಹಾಕಿದರು.

ಆ ರಾತ್ರಿ ಹತ್ತಕ್ಕೇ ಸಿಂಧು ರಾಗ ತೆಗೆದಳು. ನಾನು ಏಳುವ ಮೊದಲೇ ಕತ್ತಲಲ್ಲಿ ಅತ್ತೆಯ ದನಿ ಬಂತು.

"ಎದ್ಲಾ?"

"ಎದ್ಲು ಅತ್ತೆಮ್ಮ."

"ಏಳ್ಲಿ ಬುಡು. ಕುಡ್ಸು, ನಾ ಕೂತಿರ್ತೀನಿ." ನಾನು ತೂಕಡಿಸಿದರೆ ಕೂಸು ಜಾರದ ಹಾಗೆ ನನ್ನ ತೊಡೆಯ ಪಕ್ಕ ಬಂದು ಕೈಯೊಡ್ಡಿ ಕೂತರು. ಬೆಳಗಾಗುವಷ್ಟರಲ್ಲಿ ಎಂಟು ಸಲ ಎದ್ದಳು. ಎಣಿಸಿದವರು ಈಗ ಇಬ್ಬರು.