ಅಜ್ಜಿಯ ದ್ವೀಪಕ್ಕೆ ಯಾವ ತಿಂಗಳು

ಏಳು ಸಮುದ್ರದಾಚೆ ಒಂದು ದ್ವೀಪವಿತ್ತಂತೆ. ಅದರ ಕಥೆ ಹೇಳಿ ಬೆಳೆಸಿದ ನೀಲಗಂಗಾ ಅಜ್ಜಿಗೆ, ಮುಂಬೈ ಬಳಿಯ ಡೊಂಬಿವಲಿಯಲ್ಲಿ ಜೊತೆಗೇ ಇದ್ದ ಮೊಮ್ಮಗಳು ಶೈಲಶ್ರೀ ಅಂಡಮಾನ್ ತೋರಿಸುವೆನೆಂದು ಮಾತು ಕೊಟ್ಟಿದ್ದಳು. ಪ್ರಯಾಣಕ್ಕೆಂದು ಅಜ್ಜಿ ಜೋಳದ ರೊಟ್ಟಿ ಒಣಗಿಸಿದಾಗಲೆಲ್ಲ ಇವಳು, "ಈಗ ಮಳಿ, ಈಗ ಭಾಳ ಸೆಕಿ" ಎಂದು ಮುಂದೂಡುತ್ತಿದ್ದಳು. ವಿಮಾನದಲ್ಲಿ ಎಲ್ಲರೆದುರು ಅಜ್ಜಿ ಆ ರೊಟ್ಟಿಯ ಗಂಟು ಬಿಚ್ಚಿಯಾಳೆಂಬ ನಾಚಿಕೆ ಅವಳಿಗೆ.

ಜನವರಿಯಲ್ಲಿ ಪುಣೆಗೆಂದು ಸುಳ್ಳು ಹೇಳಿ ಗೆಳತಿಯರೊಡನೆ ಅಂಡಮಾನಿಗೆ ಹೋಗಿಬಂದಳು. ಒಗೆಯಲೆಂದು ಅಜ್ಜಿ ಅವಳ ಬಟ್ಟೆ ಜಾಡಿಸಿದಾಗ ಬಿಳಿ ಮರಳು ಉದುರಿತು.

"ಪುಣೇಕ್ಕ ಸಮುದ್ರ ಯಾವಾಗ ಬಂತವಾ?" ಅಜ್ಜಿ ನಕ್ಕಳು. ಆಮೇಲೆ ಮೆಲ್ಲಗೆ, "ಹಂಗಾರ ಜನವರಿ ಚಲೋ ಅಂತೀ?"

ಶೈಲಶ್ರೀಗೆ ತಲೆ ಎತ್ತಲಾಗಲಿಲ್ಲ. "ಹೂಂ ಅಜ್ಜಿ. ಸಮುದ್ರ ಶಾಂತ ಇರ್ತದ."

ಮರುವರ್ಷದ ಜನವರಿಯಲ್ಲಿ, ವಿಮಾನದೊಳಗೆ, ಗಂಟನ್ನು ಶೈಲಶ್ರೀಯೇ ಬಿಚ್ಚಿದಳು. ರೊಟ್ಟಿ ಮುರಿದ ಸದ್ದಿಗೆ ಅಕ್ಕಪಕ್ಕದವರು ತಿರುಗಿದರು. ಅವಳು ಅಜ್ಜಿಗೊಂದು ತುಂಡು ಕೊಟ್ಟು, ಕಿಟಕಿಯಾಚೆ ಹಸಿರಾಗಿ ಕಂಡ ದ್ವೀಪವನ್ನು ತೋರಿಸಿದಳು.