ಬೆಸುಗೆ ಹಾಕಿದ ಕೋವಿ

ಸಾತನೂರಿನ ಆಚೆ, ಕಾಡಂಚಿನ ಹೊಲಗಳಲ್ಲಿ ರಾಗಿ ತೆನೆ ಕಟ್ಟುವ ಹೊತ್ತಿಗೆ ಹಂದಿಗಳು ಇಳಿಯುತ್ತಿದ್ದವು. ಬೈರಮ್ಮನ ಗಂಡ ಬೋರಲಿಂಗಯ್ಯ ಸಂಜೆ ಅಟ್ಟಣೆ ಹತ್ತಿ ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದ. ಆ ಸದ್ದು ಕೇಳಿದ ಮೇಲೆ ಬೈರಮ್ಮ ಮುದ್ದೆಗೆ ಎಸರಿಡುತ್ತಿದ್ದಳು. ಆ ಕಾಲವನ್ನು ನೆನೆದರೆ ಈಗಲೂ ಅವಳಿಗೆ ಮದ್ದಿನ ಘಾಟು, ರೇಷ್ಮೆಹುಳು ಸೊಪ್ಪು ಮೇಯುವ ಸರಸರ ಸದ್ದು ಎರಡೂ ಒಟ್ಟಿಗೇ ಬರುತ್ತವೆ.

ಕೋವಿ ಮಾವನ ಕಾಲದ್ದು, ಬೆಳೆ ಕಾಯಲು ಲೈಸೆನ್ಸ್ ಇದ್ದದ್ದು. ಆಯುಧಪೂಜೆಯ ದಿನ ಕುಡುಗೋಲು, ನೇಗಿಲುಗಳ ಜೊತೆ ಅದಕ್ಕೂ ಚೆಂಡುಹೂವು ಏರುತ್ತಿತ್ತು. ಅವತ್ತು ಬೈರಮ್ಮನ ತಮ್ಮ ನಟರಾಜು ಕನಕಪುರದಿಂದ ಪುರಿ, ಬೂದುಗುಂಬಳಕಾಯಿ ಹೊತ್ತು ತಪ್ಪದೆ ಬರುತ್ತಿದ್ದ. ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ವೆಲ್ಡಿಂಗ್ ಕಲಿತು ಕನಕಪುರದಲ್ಲಿ ಸ್ವಂತ ಶೆಡ್ ಹಾಕಿದ್ದ. ಸುತ್ತೆಲ್ಲ ಕಲ್ಲಿನ ಕ್ವಾರಿ, ಗ್ರಾನೈಟ್ ಪಾಲಿಶ್ ಕಾರ್ಖಾನೆ ಎದ್ದ ಕಾಲ ಅದು; ಅವನಿಗೆ ಕೈತುಂಬ ಕೆಲಸ. ತಾನು ಕಂಕುಳಲ್ಲಿ ಎತ್ತಿ ಬೆಳೆಸಿದ ಹುಡುಗ ಎಂದು ಬೈರಮ್ಮನಿಗೆ ಹೆಮ್ಮೆ.

ಒಂದು ವರ್ಷ ಕೋವಿಯ ನಳಿಗೆಯಲ್ಲಿ ಸಣ್ಣ ಬಿರುಕು ಕಂಡಿತು. ಮೈಸೂರಿನ ಬಂದೂಕಿನ ಅಂಗಡಿಯವರು, ಈ ನಳಿಗೆ ಮುಗಿಯಿತು, ಹೊಸದು ಹಾಕಿಸುವ ತನಕ ಮದ್ದು ತುಂಬಬೇಡಿ ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದರು. ಹೊಸದಕ್ಕೆ ಅನುಮತಿ ಬೇಕು, ತಡವಾಗುತ್ತದೆ. ಹಂದಿಗಳು ಆಗಲೇ ಇಳಿದಿದ್ದವು.

ನಟರಾಜು ನಕ್ಕುಬಿಟ್ಟ. "ಬಂಡೆ ಹೊರೋ ಟ್ರೈಲರ್‌ಗೇ ನಾ ಹಾಕಿದ ಬೆಸುಗೆ ಅಳ್ಳಾಡಾಕಿಲ್ಲ. ಇದೇನ್ ಭಾವ, ಕೂದಲೆಳೆ ಬಿರುಕು!"

"ಅಂಗ್ಡಿಯೋರು ಬ್ಯಾಡ ಅಂದವ್ರೆ ಕಣ್ಲಾ" ಎಂದಳು ಬೈರಮ್ಮ.

"ಅವ್ರಿಗೆ ಹೊಸದು ಮಾರ್ಬೇಕಲ್ಲಕ್ಕ."

ಹಬ್ಬದ ದಿನ ಕೋವಿ ಬೆಸುಗೆ ಹಾಕಿಸಿಕೊಂಡು ಮನೆಗೆ ಬಂತು. ಅರ ಹಾಕಿ ಉಜ್ಜಿದ ನಳಿಗೆಯ ಮೇಲೆ ಬೋರಲಿಂಗಯ್ಯ ಕೈಯಾಡಿಸಿ, "ಎಲ್ಲಿ ಬೆಸ್ದವ್ನೆ ಅಂತ್ಲೇ ಕಾಣಾಕಿಲ್ಲ" ಎಂದು ಮೆಚ್ಚಿದ. ಬೈರಮ್ಮ ಕುಂಕುಮ ಇಟ್ಟಳು. ಪೂಜೆ ಮುಗಿದ ಮೇಲೆ ಅವನು ಹಿತ್ತಿಲಿಗೆ ಹೋಗಿ ಮದ್ದು ತುಂಬಿ, ಆಕಾಶಕ್ಕೆ ಗುರಿಯಿಟ್ಟು ಕೋವಿಯ ಕುದುರೆ ಎಳೆದ.

ಪ್ರತಿ ವರ್ಷ ಕೇಳುತ್ತಿದ್ದ ಸದ್ದಲ್ಲ ಅದು. ಹೊಗೆ ಸರಿದಾಗ ಬೋರಲಿಂಗಯ್ಯ ನೆಲದ ಮೇಲೆ ಕೂತಿದ್ದ. ನಳಿಗೆ ಬೆಸುಗೆಯ ಪಕ್ಕದಲ್ಲೇ ಸೀಳಿಹೋಗಿತ್ತು. ಅದನ್ನು ಹಿಡಿದಿದ್ದ ಎಡಗೈಯಲ್ಲಿ ಹೆಬ್ಬೆರಳಿಲ್ಲ, ಪಕ್ಕದ ಎರಡು ಬೆರಳೂ ಇಲ್ಲ. ನಟರಾಜು ತನ್ನ ಹೊಸ ಅಂಗಿಯನ್ನೇ ಬಿಚ್ಚಿ ಸುತ್ತಿ, ಭಾವನನ್ನು ಎತ್ತಿಕೊಂಡು ರಸ್ತೆಗೆ ಓಡಿದ.

ಆಸ್ಪತ್ರೆಗೆ ಪೊಲೀಸರು ಬಂದರು. "ಹಳೇ ಕೋವಿ ಸಾರ್, ಬಿರುಕ್ ಬಿಟ್ಟಿದ್ದು ನಾನೇ ನೋಡ್ಕಳ್ನಿಲ್ಲ" ಎಂದ ಬೋರಲಿಂಗಯ್ಯ.

ಬಾಗಿಲಲ್ಲಿ ನಿಂತಿದ್ದ ನಟರಾಜು ಒಳಗೆ ಬಂದ.

"ಇಲ್ಲ ಸಾರ್. ಅದ್ನ ಬೆಸೆದೋನು ನಾನು. ಗೇಟು, ಟ್ರೈಲರ್ ಬೆಸೆದಂಗೇ ಅಂದ್ಕಂಡೆ. ಒಳಗೆ ಮದ್ದು ಸಿಡಿದ್ರೆ ಹಳೇ ಕಬ್ಬಿಣ ತಡೀತದಾ ಇಲ್ವಾ, ನಂಗೆ ಗೊತ್ತಿರ್ಲಿಲ್ಲ."

"ಸುಮ್ಕಿರ್ಲಾ" ಎಂದು ಭಾವ ಗದರಿದ. ನಟರಾಜು ಸುಮ್ಮನಿರಲಿಲ್ಲ. ಕೋವಿಯ ಲೈಸೆನ್ಸ್ ರದ್ದಾಯಿತು. ನಟರಾಜುವಿನ ಮೇಲೆ ಕೇಸಾಯಿತು.

ಬೈರಮ್ಮ ತಮ್ಮನ ಜೊತೆ ಮಾತು ಬಿಟ್ಟಳು. ಅವನು ಮಾತ್ರ ಬೆಳಿಗ್ಗೆ ಶೆಡ್ ತೆರೆಯುವ ಮುಂಚೆ ಬರುತ್ತಿದ್ದ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುಗಳಿಗೆ ಹರಡಿ, ಒಂದು ಲೋಟ ನೀರೂ ಕೇಳದೆ ಹೊರಟುಹೋಗುತ್ತಿದ್ದ. ಅವಳು ಮುಖ ತಿರುಗಿಸಿಕೊಂಡೇ ಸೊಪ್ಪು ತುಂಬುವ ಮಂಕರಿ ಇಡುತ್ತಿದ್ದಳು.

ಕೋರ್ಟಿಗೆ ಹೋಗುವ ದಿನ ಭಾವ, ಭಾವಮೈದ ಇಬ್ಬರಿಗೂ ಒಂದೇ ಬಸ್ಸು. ಒಮ್ಮೆ ಬೋರಲಿಂಗಯ್ಯ ಜಗುಲಿಯಲ್ಲಿ ಒಂದೇ ಕೈಯಲ್ಲಿ ಅಂಗಿಯ ಗುಂಡಿಯ ಜೊತೆ ಗುದ್ದಾಡುತ್ತಿದ್ದ. ನಟರಾಜು ಮಂಡಿಯೂರಿ ಕೂತು, ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದ. ಬೈರಮ್ಮ ಒಳಗಿನಿಂದ ನೋಡಿದಳು.

"ಇಬ್ರೂ ಉಂಡ್ಕಂಡ್ ಹೋಗ್ರಿ" ಎಂದಳು. ತಮ್ಮನ ಕಡೆ ತಿರುಗಿ, "ನೀನೂ ಕಣ್ಲಾ" ಎಂದಳು.

ನಟರಾಜು ತಲೆ ಬಗ್ಗಿಸಿ ಉಂಡ. ಕಣ್ಣೀರು ಸಾರಿಗೆ ಬೀಳುತ್ತಿದ್ದುದನ್ನು ಮೂವರೂ ಕಾಣದಂತೆ ನಟಿಸಿದರು.

ಕೇಸು ವರ್ಷಗಟ್ಟಲೆ ಎಳೆದು, ಕೊನೆಗೆ ದಂಡದಲ್ಲಿ ಮುಗಿಯಿತು. ಅಷ್ಟರಲ್ಲಿ ಆ ಪ್ರಯಾಣವೇ ಇಬ್ಬರಿಗೂ ರೂಢಿಯಾಗಿಬಿಟ್ಟಿತ್ತು. ಕೋರ್ಟಿನೆದುರಿನ ಹೋಟೆಲಿನ ದೋಸೆ, ನಟರಾಜು ಭಾವನನ್ನು ಊರಿಗೆ ಬಿಟ್ಟುಬರಲು ಹತ್ತುವ ಮಧ್ಯಾಹ್ನದ ಬಸ್ಸಿನಲ್ಲಿ ಒಬ್ಬರ ಹೆಗಲಿಗೆ ಒಬ್ಬರು ಒರಗಿ ತೆಗೆಯುವ ನಿದ್ದೆ. "ಇನ್ಮೇಕೆ ಯಾವ್ ನೆಪದಾಗ್ ಕನಕಪುರಕ್ ಓಗದ್ಲಾ?" ಎಂದು ಬೋರಲಿಂಗಯ್ಯ ಪೇಚಾಡಿದ.

"ನಮ್ ಶೆಡ್ಡಿಗ್ ಬಾ ಭಾವ."

ಆಮೇಲೆ ಬೋರಲಿಂಗಯ್ಯ ಆಗಾಗ ಹೋಗಿ ಶೆಡ್ಡಿನ ಮುಂದೆ ಬೆಂಚಿನ ಮೇಲೆ ಕೂರತೊಡಗಿದ. ಕಾಡಂಚಿನ ಊರುಗಳಿಂದ ಯಾರಾದರೂ ಗೋಣಿಚೀಲದಲ್ಲಿ ಸುತ್ತಿದ ಕೋವಿ ತಂದು, "ಒಸಿ ಬೆಸೆದ್ಕೊಡಪ್ಪ" ಎನ್ನುವುದಿತ್ತು. ನಟರಾಜು ಆಗಲ್ಲ ಎನ್ನುತ್ತಿದ್ದ, ಬಂದೂಕಿನ ಅಂಗಡಿಗೇ ಹೋಗಿ ಎನ್ನುತ್ತಿದ್ದ. ಬಂದವರು ಸುಲಭಕ್ಕೆ ಬಿಡುತ್ತಿರಲಿಲ್ಲ. ಆಗ ಬೋರಲಿಂಗಯ್ಯ ತನ್ನ ಎಡಗೈಯನ್ನು ತೊಡೆಯ ಮೇಲೆ ಬಿಚ್ಚಿಡುತ್ತಿದ್ದ. ಬಂದವರು ನೋಡಿ, ಕೋವಿಯನ್ನು ಮತ್ತೆ ಗೋಣಿಯಲ್ಲಿ ಸುತ್ತಿಕೊಂಡು, ಅವನ ಪಕ್ಕದಲ್ಲೇ ಕೂತು ಚಹಾಕ್ಕೆ ಹೇಳುತ್ತಿದ್ದರು.